ನಿಂತಲ್ಲೇ ಕುಂಟುವ ಹಳೇ ಡೀಸೆಲ್: ಮಿಸ್ಸಿಂಗ್ ಎಲ್ಲಿದೆ ಅಂತ ಹುಡುಕುವುದು ಹೇಗೆ?

"ರೇಸ್ ಕೊಟ್ಟರೆ ಏನೂ ಗೊತ್ತಾಗಲ್ಲ ಸಾರ್. ನಿಲ್ಲಿಸಿದರೆ ಸಾಕು, ಸ್ಟೇರಿಂಗ್ ಹಿಡಿದ ಕೈಯೇ ನಡುಗುತ್ತೆ." ಹಳೇ ಡೀಸೆಲ್ ಕಾರು ತರುವವರು ಹೇಳುವುದು ಹೆಚ್ಚುಕಮ್ಮಿ ಇದನ್ನೇ. ಅದರ ಹಿಂದೆಯೇ ಒಂದು ಪ್ರಶ್ನೆ: "ನಾಜಲ್ ಹೋಗಿರಬೇಕು ಅಲ್ವಾ?"

ಇರಬಹುದು. ಆದರೆ ನಾನು ನೋಡಿದ ಮಟ್ಟಿಗೆ, ಸಿಲಿಂಡರ್ ಒಳಗೆ ಡೀಸೆಲ್ ಸಿಂಪಡಿಸುವ ಈ ನಾಜಲ್‌ಗೆ ಸುಮ್ನೆ ಕೆಟ್ಟ ಹೆಸರು ಬಂದದ್ದೇ ಜಾಸ್ತಿ. ಮಿಸ್ಸಿಂಗ್ ಅಂದರೆ ಯಾವುದೋ ಸಿಲಿಂಡರ್‌ನಲ್ಲಿ ಅದರ ಸರದಿ ಬಂದಾಗ ಡೀಸೆಲ್ ಹೊತ್ತಿಕೊಳ್ಳದಿರುವುದು. ಅದು ಯಾವ ಸಿಲಿಂಡರ್ ಅಂತ ಗೊತ್ತಾಗುವ ಮೊದಲು ಯಾವ ಪಾರ್ಟನ್ನೂ ಬಿಚ್ಚಬಾರದು. ಈ ಬುದ್ಧಿ ನನಗೆ ಬಂದದ್ದು ತಪ್ಪು ಮಾಡಿದ ಮೇಲೆಯೇ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು, ಕಡಿಮೆ ಆರ್‌ಪಿಎಂನಲ್ಲಿ ಮಾತ್ರ ಯಾಕೆ? ಡೀಸೆಲ್ ಇಂಜಿನ್‌ನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಸುಮಾರು 20 ಪಾಲಿನಿಂದ 1 ಪಾಲಿಗೆ ಒತ್ತಿದಾಗ ಅದು ಕಾಯುತ್ತದೆ. ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. 800 ಆರ್‌ಪಿಎಂನಲ್ಲಿ ಪಿಸ್ಟನ್ ಕೆಳಗಿನಿಂದ ಮೇಲೆ ಬರಲು 37 ಮಿಲಿಸೆಕೆಂಡ್ ಹಿಡಿಯುತ್ತದೆ. 3000ದಲ್ಲಿ 10 ಮಿಲಿಸೆಕೆಂಡ್ ಸಾಕು. ಅಂದರೆ ನಿಧಾನವಾಗಿ ತಿರುಗುವಾಗ ಗಾಳಿ ಸೋರಲು, ಬಿಸಿ ಗೋಡೆಗೆ ಇಳಿದು ಹೋಗಲು ಮೂರೂವರೆ ಪಟ್ಟಿಗಿಂತ ಹೆಚ್ಚು ಸಮಯ ಸಿಗುತ್ತದೆ. ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸ್ವಲ್ಪ ಸೋರುತ್ತಿದ್ದರೂ ಐಡ್ಲಿಂಗ್‌ನಲ್ಲಿ, ಅಂದರೆ ರೇಸ್ ಕೊಡದೆ ಇಂಜಿನ್ ತಿರುಗುವಾಗ, ಸಿಕ್ಕಿಬೀಳುತ್ತದೆ.

ಇನ್ನೊಂದು ಕಾರಣ ಡೀಸೆಲ್‌ನ ಅಳತೆ. ಎರಡು ಲೀಟರ್ ಆಸುಪಾಸಿನ ಇಂಜಿನ್ ಐಡ್ಲಿಂಗ್‌ನಲ್ಲಿ ಪ್ರತಿ ಸಲ ಒಂದು ಸಿಲಿಂಡರ್‌ಗೆ ಸಿಂಪಡಿಸುವುದು 5ರಿಂದ 10 ಘನ ಮಿಲಿಮೀಟರ್ ಮಾತ್ರ. ಒಂದು ನೀರಿನ ಹನಿ ಸುಮಾರು 50 ಘನ ಮಿಲಿಮೀಟರ್ ಇರುತ್ತದೆ. ಹನಿಯ ಹತ್ತನೇ ಒಂದರಿಂದ ಐದನೇ ಒಂದು ಪಾಲು ಅಂದುಕೊಳ್ಳಿ! ಅದರಲ್ಲಿ 3 ಘನ ಮಿಲಿಮೀಟರ್ ಕಡಿಮೆಯಾದರೆ ಆ ಸಿಲಿಂಡರ್ ಸತ್ತ ಹಾಗೆಯೇ. ಅದೇ 3 ಘನ ಮಿಲಿಮೀಟರ್, ಪೂರ್ತಿ ಲೋಡ್‌ನಲ್ಲಿ ಏರು ಹತ್ತುವಾಗ ಕಡಿಮೆಯಾದರೆ ಡ್ರೈವರ್‌ಗೆ ಗೊತ್ತೇ ಆಗುವುದಿಲ್ಲ.

ಹಾಗಾಗಿ ಬಾನೆಟ್ ತೆಗೆದ ತಕ್ಷಣ ಸ್ಪ್ಯಾನರ್‌ಗೆ ಕೈ ಹಾಕಬೇಡಿ. ಎರಡು ನಿಮಿಷ ಸುಮ್ಮನೆ ಕೇಳಿ. ಸೈಲೆನ್ಸರ್ ತುದಿಯ ಹತ್ತಿರ ಒಂದು ಉದ್ದನೆಯ ಕಾಗದದ ಪಟ್ಟಿ ಹಿಡಿದರೆ ಇನ್ನೂ ಚೆನ್ನ. ನಾಲ್ಕು ಸಿಲಿಂಡರ್ ಇಂಜಿನ್‌ನಲ್ಲಿ ಪ್ರತಿ ಸಲವೂ ಒಂದೇ ಸಿಲಿಂಡರ್ ತಪ್ಪುತ್ತಿದ್ದರೆ ಆ ಕುಂಟುವಿಕೆಗೆ ತಾಳ ಇರುತ್ತದೆ. ಮೂರು ಹೊಡೆತ, ಒಂದು ಖಾಲಿ. ಮತ್ತೆ ಮೂರು, ಒಂದು ಖಾಲಿ. ತಾಳವಿಲ್ಲದೆ ಒಮ್ಮೆ ಬಂದು ಒಮ್ಮೆ ಹೋಗುತ್ತಿದ್ದರೆ, ಅದರಲ್ಲೂ ರಾತ್ರಿಯಿಡೀ ನಿಂತ ಗಾಡಿಯಲ್ಲಿ ಜಾಸ್ತಿ ಇದ್ದರೆ, ಡೀಸೆಲ್ ಲೈನ್ ಏರ್ ಎಳೆಯುತ್ತಿರಬಹುದು. ಸದ್ದು ಸರಿಯಾಗಿದ್ದು ಒಳಗೆ ಕುಳಿತವರು ಮಾತ್ರ ಅಲುಗಾಡುತ್ತಿದ್ದರೆ ಅದು ಮಿಸ್ಸಿಂಗೇ ಅಲ್ಲ, ಇಂಜಿನ್ ಮೌಂಟಿಂಗ್‌ನ ರಬ್ಬರ್ ಗಟ್ಟಿಯಾಗಿದೆ.

ಹೊಗೆಯನ್ನೂ ನೋಡಿ. ಬಿಳಿ ಹೊಗೆ ಬಂದು ಕಣ್ಣು ಉರಿದರೆ ಅದು ಹೊತ್ತದೆ ಹೊರಬಂದ ಡೀಸೆಲ್. ನೀಲಿ ಅಂದರೆ ಇಂಜಿನ್ ಆಯಿಲ್. ಐಡ್ಲಿಂಗ್‌ನಲ್ಲೇ ಕಪ್ಪು ಹೊಗೆ ಬಂದರೆ ನಾಜಲ್ ತೊಟ್ಟಿಕ್ಕುತ್ತಿರಬಹುದು, ಇಲ್ಲವೇ ಸುಟ್ಟ ಗಾಳಿಯನ್ನು ತಿರುಗಿ ಇಂಜಿನ್‌ಗೆ ಬಿಡುವ ಇಜಿಆರ್ ವಾಲ್ವ್ ಮಸಿ ಹಿಡಿದು ತೆರೆದೇ ನಿಂತು ಒಳ್ಳೆಯ ಗಾಳಿಯ ಜಾಗವನ್ನು ಸುಟ್ಟ ಗಾಳಿ ತಿನ್ನುತ್ತಿರಬಹುದು. ಬಿಳಿ ಹೊಗೆಯ ಜೊತೆ ಕೂಲೆಂಟೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಬೇಕು. ಬೆಳಿಗ್ಗೆ ಒಂದೆರಡು ನಿಮಿಷ ಮಾತ್ರ ಕುಂಟಿ ಆಮೇಲೆ ಸರಿಯಾದರೆ ಮೊದಲ ಅನುಮಾನ, ತಣ್ಣಗಿನ ಸಿಲಿಂಡರನ್ನು ಬಿಸಿ ಮಾಡುವ ಹೀಟರ್ ಪ್ಲಗ್ ಮೇಲೆ.

ಈಗ ನನ್ನ ತಪ್ಪಿನ ಕಥೆ. ಒಂದು ಹಳೇ ರೋಟರಿ ಪಂಪ್ (ಎಲ್ಲಾ ನಾಜಲ್‌ಗೂ ಡೀಸೆಲ್ ಹಂಚುವ ಮೆಕ್ಯಾನಿಕಲ್ ಪಂಪ್) ಗಾಡಿ ಬಂತು. ಬೆಳಿಗ್ಗೆ ಸ್ಟಾರ್ಟ್ ಆಗಲು ಒದ್ದಾಟ, ಆಮೇಲೆ ಐಡ್ಲಿಂಗ್‌ನಲ್ಲಿ ತಾಳವಿಲ್ಲದ ಕುಂಟು. ಬೇರೆ ಕಡೆ ಆಗಲೇ ನಾಲ್ಕೂ ಹೀಟರ್ ಪ್ಲಗ್ ಹೊಸದು ಹಾಕಿದ್ದರು. ನಾನು ನನ್ನ ಪಾಲಿನ ತಪ್ಪು ಮಾಡಿದೆ. ನಾಲ್ಕೂ ನಾಜಲ್ ಬಿಚ್ಚಿ ಟೆಸ್ಟ್ ಬೆಂಚ್ ಮೇಲೆ ಹಾಕಿದೆ. ನಾಲ್ಕೂ ಚೆನ್ನಾಗಿಯೇ ಮಂಜಿನ ಹಾಗೆ ಸಿಂಪಡಿಸಿದವು. ತಿರುಗಿ ಜೋಡಿಸುವಾಗ ನಾಜಲ್‌ಗಳಲ್ಲಿ ಮಿಕ್ಕ ಡೀಸೆಲನ್ನು ವಾಪಸ್ ಒಯ್ಯಲು ಅವುಗಳ ನಡುವೆ ಹೋಗುವ ರಿಟರ್ನ್ ಪೈಪನ್ನು ಬೆರಳಲ್ಲಿ ಬಗ್ಗಿಸಿದೆ. ಬಟ್ಟೆ ಹೆಣೆದ, ಬೆರಳುದ್ದದ ರಬ್ಬರ್ ಪೈಪ್. ಹೊರಗೆ ಒಂಚೂರು ಒದ್ದೆ, ಒಳಗೆ ಕೂದಲೆಳೆಯಂಥ ಬಿರುಕು. ರಾತ್ರಿ ಅಲ್ಲಿಂದ ಗಾಳಿ ನುಗ್ಗಿ ಡೀಸೆಲ್ ಟ್ಯಾಂಕ್ ಕಡೆಗೆ ಇಳಿದು ಹೋಗುತ್ತಿತ್ತು. ಪೈಪ್ ಬದಲಾಯಿಸಲು ಹತ್ತು ನಿಮಿಷ ಸಾಕಾಯಿತು. ಅದನ್ನು ಹುಡುಕಲು ನಾನು ಅರ್ಧ ದಿನ ಕಳೆದಿದ್ದೆ.

ಅಂದಿನಿಂದ ಮೊದಲು ಏರ್ ನೋಡುತ್ತೇನೆ. ಫಿಲ್ಟರ್‌ನಿಂದ ಪಂಪ್‌ಗೆ ಹೋಗುವ ಪೈಪಿನ ಜಾಗದಲ್ಲಿ ಒಂದು ಗೇಣು ಪಾರದರ್ಶಕ ಪೈಪ್ ಹಾಕಿ ಗಾಡಿ ಸ್ಟಾರ್ಟ್ ಮಾಡಿದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ. ಶುರುವಿನಲ್ಲಿ ಒಂದೆರಡು ಗುಳ್ಳೆ ಬಂದರೆ ಚಿಂತೆ ಇಲ್ಲ. ನಿಲ್ಲದೆ ಬರುತ್ತಿದ್ದರೆ ಫಿಲ್ಟರ್‌ನ ಓ ರಿಂಗ್, ಪ್ರೈಮಿಂಗ್ ಪಂಪ್, ಕ್ಲಿಪ್‌ಗಳು, ರಿಟರ್ನ್ ಪೈಪ್ ಎಲ್ಲವನ್ನೂ ಒಂದೊಂದಾಗಿ ನೋಡಬೇಕು. ಫಿಲ್ಟರ್ ಕೆಳಗಿನ ನೀರನ್ನೂ ಆಗಲೇ ಇಳಿಸಿಬಿಡಿ.

ಏರ್ ಇಲ್ಲ, ಕುಂಟಿಗೆ ತಾಳವಿದೆ ಅಂದರೆ ಆ ಸಿಲಿಂಡರ್ ಯಾವುದು ಅಂತ ಹಿಡಿಯಬೇಕು. ಮೆಕ್ಯಾನಿಕಲ್ ಪಂಪ್ ಇದ್ದರೆ ಹಳೇ ದಾರಿಯೇ ಒಳ್ಳೆಯದು. ಐಡ್ಲಿಂಗ್‌ನಲ್ಲಿ ಒಂದೊಂದೇ ನಾಜಲ್‌ನ ಹೈ ಪ್ರೆಷರ್ ಪೈಪಿನ ನಟ್ಟನ್ನು ಬಟ್ಟೆ ಸುತ್ತಿ ಅರ್ಧ ಸುತ್ತು ಸಡಿಲ ಮಾಡಿ. ಕೆಲಸ ಮಾಡುತ್ತಿರುವ ಸಿಲಿಂಡರ್ ಆದರೆ ಇಂಜಿನ್ ತಕ್ಷಣ ಇನ್ನಷ್ಟು ಕುಂಟುತ್ತದೆ. ಸಡಿಲ ಮಾಡಿದರೂ ಸದ್ದು ಬದಲಾಗದಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಕನ್ನಡಕ ಹಾಕಿಕೊಳ್ಳಿ, ಕೈ ದೂರ ಇರಲಿ.

ಕಾಮನ್ ರೈಲ್ ಗಾಡಿಯಲ್ಲಿ, ಅಂದರೆ ಭಾರೀ ಒತ್ತಡದ ಒಂದೇ ಕೊಳವೆಯಿಂದ ಎಲ್ಲಾ ನಾಜಲ್‌ಗೂ ಡೀಸೆಲ್ ಹೋಗುವ ಗಾಡಿಯಲ್ಲಿ, ಮಾತ್ರ ಇದನ್ನು ಯಾವತ್ತೂ ಮಾಡಬೇಡಿ. 1997ರಲ್ಲಿ ಕಾರುಗಳಿಗೆ ಬಂದ ಈ ವ್ಯವಸ್ಥೆಯ ಮೊದಲ ತಲೆಮಾರಿನಲ್ಲೇ ಒತ್ತಡ 1350 ಬಾರ್‌ವರೆಗೆ ಹೋಗುತ್ತಿತ್ತು. ಐಡ್ಲಿಂಗ್‌ನಲ್ಲೂ ಇನ್ನೂರು ಮುನ್ನೂರು ಬಾರ್ ಇರುತ್ತದೆ. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಎಳೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ಒಳಗೆ ಕೈಯನ್ನೇ ಕಳೆದುಕೊಳ್ಳುವಷ್ಟು ಹಾನಿ. ಅಂಥದ್ದು ಆದರೆ ನೋವಿಲ್ಲ ಅಂತ ಸುಮ್ಮನಿರದೆ ನೇರ ಆಸ್ಪತ್ರೆಗೆ ಹೋಗಬೇಕು. ಇಂಥ ಗಾಡಿಗೆ ಸ್ಕ್ಯಾನರ್ ಹಾಕಿ ಪ್ರತಿ ಸಿಲಿಂಡರ್‌ನ ಕರೆಕ್ಷನ್ ಓದಿ. ದುರ್ಬಲ ಸಿಲಿಂಡರ್‌ಗೆ ಕಂಪ್ಯೂಟರ್ ಜಾಸ್ತಿ ಡೀಸೆಲ್ ಕೊಟ್ಟು ಎಳೆದಾಡುತ್ತಿರುವುದು ಅಲ್ಲೇ ಕಾಣುತ್ತದೆ.

ನನಗೆ ಇಷ್ಟವಾದ ಇನ್ನೊಂದು ದಾರಿ ಇದೆ. ಹೀಟರ್ ಪ್ಲಗ್ಗನ್ನೇ ಥರ್ಮಾಮೀಟರ್ ಮಾಡಿಕೊಳ್ಳುವುದು. ಪ್ಲಗ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತದೆ. ತಣ್ಣಗಿರುವಾಗ ಪ್ಲಗ್‌ಗಳ ವೈರು ಅಥವಾ ಪಟ್ಟಿ ಬಿಚ್ಚಿ ಒಂದೊಂದನ್ನೂ ಅಳೆದು ಬರೆದಿಡಿ. ಸಾಮಾನ್ಯವಾಗಿ 1 ಓಮ್ ಆಸುಪಾಸು ಇರುತ್ತದೆ. ಹಾಗಾಗಿ ಮೀಟರ್ ವೈರಿನ ರೆಸಿಸ್ಟೆನ್ಸನ್ನೂ ಕಳೆಯಬೇಕು, ಮೀಟರೂ ಒಳ್ಳೆಯದೇ ಬೇಕು. ಇಂಜಿನ್ ಸ್ಟಾರ್ಟ್ ಮಾಡಿ ಮೂರ್ನಾಲ್ಕು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಮತ್ತೆ ಅಳೆಯಿರಿ. ಮೂರು ಚೆನ್ನಾಗಿ ಏರಿ ಒಂದು ಹಿಂದೆ ಉಳಿದಿದ್ದರೆ ಆ ಸಿಲಿಂಡರ್ ಸರಿಯಾಗಿ ಕಾಯುತ್ತಿಲ್ಲ. ಯಾವ ಪ್ಲಗ್ ಸತ್ತಿದೆ ಅನ್ನುವುದೂ ಇದರಲ್ಲೇ ಗೊತ್ತಾಗಿಬಿಡುತ್ತದೆ. ಮೀಟರ್ ಏನನ್ನೂ ತೋರಿಸದಿದ್ದರೆ ಅದು ಸುಟ್ಟಿದೆ.

ಸಿಲಿಂಡರ್ ಸಿಕ್ಕಿತಲ್ಲ, ಈಗ ನಾಜಲ್ ಬಿಚ್ಚಬಹುದು. ಹೊಸದು ತರಲು ಅಲ್ಲ, ಪಕ್ಕದ ಸಿಲಿಂಡರ್‌ಗೆ ಅದಲು ಬದಲು ಮಾಡಲು. ಕೆಳಗಿನ ತಾಮ್ರದ ವಾಷರ್ ಮಾತ್ರ ಪ್ರತಿ ಸಲ ಹೊಸದೇ ಹಾಕಿ. ನಾಜಲ್ ಸುತ್ತ ಟಾರಿನಂಥ ಕಪ್ಪು ಕಟ್ಟಿದ್ದು ಚುಸ್ ಚುಸ್ ಸದ್ದು ಬರುತ್ತಿದ್ದರೆ ಆ ವಾಷರ್ರೇ ಸೋರುತ್ತಿದೆ. ಅದಲು ಬದಲು ಮಾಡಿದ ಮೇಲೆ ಮಿಸ್ಸಿಂಗ್ ನಾಜಲ್ ಜೊತೆ ಹೋದರೆ ಆಗ ನಾಜಲ್ ಮೇಲೆ ಖರ್ಚು ಮಾಡಿ. ಅಲ್ಲೇ ಉಳಿದರೆ ಕಂಪ್ರೆಷನ್ ಅಳೆಯಬೇಕು. ಟ್ಯಾಂಕ್‌ಗೆ ಸುರಿಯುವ ಕ್ಲೀನರ್ ಬಾಟಲಿ ಬಗ್ಗೆ ತುಂಬಾ ಜನ ಕೇಳುತ್ತಾರೆ. ನಾಜಲ್ ತುದಿ ಒಂಚೂರು ಕೊಳೆಯಾಗಿದ್ದರೆ ಕೆಲಸ ಮಾಡೀತು, ಬಿರುಕು ಬಿಟ್ಟ ಪೈಪಿಗೆ ಅದು ಏನು ಮಾಡೀತು?

ಕಂಪ್ರೆಷನ್‌ಗೆ ಪೆಟ್ರೋಲ್ ಗಾಡಿಯ ಗೇಜ್ ಆಗುವುದಿಲ್ಲ. ಆರೋಗ್ಯವಾಗಿರುವ ಹಳೇ ಡೀಸೆಲ್ ಸ್ಟಾರ್ಟರ್ ತಿರುಗಿಸುವಾಗಲೇ 25ರಿಂದ 30 ಬಾರ್ ತೋರಿಸುತ್ತದೆ. ಆ ಒಂದು ಅಂಕಿಗಿಂತ ನಾಲ್ಕರ ನಡುವಿನ ವ್ಯತ್ಯಾಸ ಮುಖ್ಯ. ಒಂದು ಸಿಲಿಂಡರ್ 5 ಬಾರ್‌ಗಿಂತ ಹಿಂದೆ ಬಿದ್ದಿದ್ದರೆ ಕಾರಣ ಹುಡುಕಲೇಬೇಕು. ಪೆಟ್ರೋಲ್ ಇಂಜಿನ್‌ನಲ್ಲಿ ಮಾಡುವ ಹಾಗೆ ಒಳಗೆ ಆಯಿಲ್ ಸುರಿದು ಮತ್ತೆ ಅಳೆಯಬೇಡಿ. 500 ಸಿಸಿಯ ಸಿಲಿಂಡರ್‌ನಲ್ಲಿ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಬರೀ 26 ಸಿಸಿ. ಅದರಲ್ಲಿ ಒಂದು ಚಮಚ, ಅಂದರೆ 5 ಸಿಸಿ ಆಯಿಲ್ ಕುಳಿತರೆ ರಿಂಗ್ ಹೇಗಿದ್ದರೂ ಗೇಜ್ ಮೇಲೇರುತ್ತದೆ. ಇನ್ನೂ ಜಾಸ್ತಿ ಹಾಕಿದರೆ ಕನೆಕ್ಟಿಂಗ್ ರಾಡ್ ಬಾಗೀತು.

ಹೀಗೇ ಒಂದು ಗಾಡಿಯಲ್ಲಿ ಮೂರನೇ ಸಿಲಿಂಡರ್ 19 ಬಾರ್ ತೋರಿಸಿತು, ಉಳಿದ ಮೂರು 27ರ ಹತ್ತಿರ. ಮಾಲೀಕರು ಹೆಡ್ ಬಿಚ್ಚುವ ಮಾತಿಗೇ ಬಂದುಬಿಟ್ಟಿದ್ದರು. "ಒಂದು ನಿಮಿಷ ಇರಿ ಸಾರ್" ಅಂತ ಹೆಡ್ ಮೇಲಿನ ಟ್ಯಾಪೆಟ್ (ವಾಲ್ವನ್ನು ಒತ್ತಿ ತೆರೆಯುವ ಭಾಗ) ಕವರ್ ತೆಗೆದೆ. ಆ ಸಿಲಿಂಡರ್‌ನ ಎಕ್ಸಾಸ್ಟ್ ವಾಲ್ವಿನ ಗ್ಯಾಪ್‌ಗೆ, ಸಂದು ಅಳೆಯುವ ಫೀಲರ್ ಗೇಜ್‌ನ ಅತಿ ತೆಳು ಎಲೆಯೂ ತೂರಲಿಲ್ಲ. ವಾಲ್ವ್ ಪೂರ್ತಿ ಮುಚ್ಚಿಕೊಳ್ಳುತ್ತಲೇ ಇರಲಿಲ್ಲ. ಟ್ಯಾಪೆಟ್ ಸೆಟ್ಟಿಂಗ್ ಮಾಡಿ ಅಳೆದರೆ 26 ಬಂತು. ಪುಣ್ಯಕ್ಕೆ ವಾಲ್ವ್ ಸುಟ್ಟಿರಲಿಲ್ಲ. ಆದರೂ 1000 ಕಿಲೋಮೀಟರ್ ಓಡಿಸಿ ಮತ್ತೆ ಬನ್ನಿ ಅಂದೆ. ಬಂದರು. ಗ್ಯಾಪ್ ಇಟ್ಟಷ್ಟೇ ಇತ್ತು. ಅದು ಮತ್ತೆ ಮುಚ್ಚಿಕೊಂಡಿದ್ದರೆ ವಾಲ್ವ್ ಸೀಟು ಸವೆದು ಒಳಗೆ ಇಳಿಯುತ್ತಿದೆ ಅಂತ ಅರ್ಥ, ಆಗ ಹೆಡ್ ಬಿಚ್ಚಲೇಬೇಕಾಗುತ್ತಿತ್ತು.