ಇಂದಿರಾ ಎಲ್ಲಿ ಕ್ಷಮಿಸಿದಳು?

ಪ್ರಶ್ನೆ: ತ್ರಿವೇಣಿಯವರ ಕಾಲದ ಕೌಟುಂಬಿಕ ಕಾದಂಬರಿಗಳಲ್ಲಿ ನಾಯಕಿ ಎಷ್ಟೇ ನೊಂದರೂ ಕೊನೆಗೆ ಕಣ್ಣೊರೆಸಿಕೊಂಡು ನೋಯಿಸಿದವನನ್ನು ಕ್ಷಮಿಸಿಬಿಡುತ್ತಾಳೆ. ಅವನ್ನು ಈಗ ಏಕೆ ಓದಬೇಕು?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೆಂಬ ಲೆಕ್ಕ ನನಗೇ ತಪ್ಪಿದೆ. ಕೇಳುವವರಲ್ಲಿ ಹೆಚ್ಚಿನವರು ಪುಸ್ತಕ ತೆರೆದಿರುವುದಿಲ್ಲ. ಯಾರೋ ಹೇಳಿದ್ದನ್ನು ಕೇಳಿ ‘ಅಳುಮುಂಜಿ ಕಥೆಗಳು’ ಎಂದು ತೀರ್ಮಾನಿಸಿರುತ್ತಾರೆ. ಕೊನೆಯ ಕಂತಿಗೆ ಮನೆಮಂದಿಯೆಲ್ಲ ಒಂದಾಗುವ ಧಾರಾವಾಹಿಗಳು ವಾರಪತ್ರಿಕೆಗಳಲ್ಲಿ ಬಂದಿವೆ, ಇಲ್ಲವೆನ್ನುವುದಿಲ್ಲ. ಆದರೆ ಆ ಮಾತನ್ನು ತ್ರಿವೇಣಿಯವರ ತಲೆಗೆ ಕಟ್ಟುವುದು ಅನ್ಯಾಯ.

‘ಬೆಳ್ಳಿಮೋಡ’ವನ್ನೇ ತೆಗೆದುಕೊಳ್ಳಿ. ಇಂದಿರಾ ತೋಟದ ಸಾಹುಕಾರರ ಒಬ್ಬಳೇ ಮಗಳು. ಅವಳನ್ನು ಮದುವೆಯಾಗಬೇಕಾದ ಮೋಹನ ಅವಳ ತಂದೆಯ ಹಣದಲ್ಲೇ ಓದಲು ಅಮೆರಿಕಕ್ಕೆ ಹೋಗುತ್ತಾನೆ. ಅಷ್ಟರಲ್ಲಿ ಅವಳಿಗೊಬ್ಬ ತಮ್ಮ ಹುಟ್ಟುತ್ತಾನೆ. ತೋಟಕ್ಕೆ ವಾರಸುದಾರ ಬಂದನೆಂದು ತಿಳಿದ ಮೇಲೆ ಮೋಹನನ ಪ್ರೀತಿಯೂ ಆರುತ್ತದೆ. ಮುಂದೆ ಅವನೇ ಬಿದ್ದು ಗಾಯಗೊಂಡು ಹಾಸಿಗೆ ಹಿಡಿದಾಗ ಆರೈಕೆ ಮಾಡುವವಳು ಇಂದಿರಾ. ಆಗ ಅವನಿಗೆ ಅವಳ ಬೆಲೆ ಗೊತ್ತಾಗುತ್ತದೆ, ಮದುವೆಯಾಗುತ್ತೇನೆ ಎನ್ನುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ. ಆರೈಕೆ ಮಾಡಿದ್ದನ್ನೇ ಕ್ಷಮೆ ಎಂದುಕೊಂಡವರು ಈ ಕೊನೆಯ ಪುಟಗಳನ್ನು ದಯವಿಟ್ಟು ಮತ್ತೆ ಓದಿ. ಗಾಯಾಳುವಿಗೆ ಗಂಜಿ ಕೊಟ್ಟವಳು ಅವನಿಗೆ ಬಾಳನ್ನೂ ಕೊಡಬೇಕೆಂದು ಎಲ್ಲಿ ಬರೆದಿದೆ? ಪುಟ್ಟಣ್ಣ ಕಣಗಾಲರು 1967ರಲ್ಲಿ ಇದನ್ನು ಸಿನಿಮಾ ಮಾಡಿದಾಗಲೂ ಆ ನಿರಾಕರಣೆಯನ್ನು ಉಳಿಸಿಕೊಂಡರು. ಚಿತ್ರಮಂದಿರದಲ್ಲಿ ಅಷ್ಟೊಂದು ಜನ ಕಣ್ಣಾರೆ ಕಂಡ ಮೇಲೂ ಈ ತಪ್ಪು ತಿಳಿವಳಿಕೆ ಹೇಗೆ ಉಳಿಯಿತು ಎಂಬುದು ನನಗೆ ಇಂದಿಗೂ ಬಗೆಹರಿಯದ ಸಂಗತಿ.

‘ಶರಪಂಜರ’ದ ಕಾವೇರಿಗೆ ಕ್ಷಮಿಸುವ ಅವಕಾಶವೇ ಸಿಗುವುದಿಲ್ಲ. ಬಾಣಂತಿತನದಲ್ಲಿ ಮನಸ್ಸಿನ ಆರೋಗ್ಯ ಕೆಟ್ಟು, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಗುಣವಾಗಿದ್ದಾಳೆಂದು ಮನೆಯವರು ನಂಬುವುದಿಲ್ಲ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಗಂಡನ ಮನಸ್ಸು ಬೇರೆಡೆಗೆ ಹೊರಳಿರುತ್ತದೆ. ಅವಳು ಮತ್ತೆ ಕುಸಿಯುತ್ತಾಳೆ. ತ್ರಿವೇಣಿ ಮನಶ್ಶಾಸ್ತ್ರ ಓದಿದವರು. ಕಾಯಿಲೆಗಿಂತ ಕಾಯಿಲೆಯ ನೆನಪೇ ಮನೆಯೊಳಗೆ ಹೆಚ್ಚು ಕಾಲ ಬದುಕಿರುತ್ತದೆ ಎಂಬುದನ್ನು ಅಷ್ಟು ನಿಖರವಾಗಿ ಕಂಡವರು 1963ರಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೈದೂ ತುಂಬಿರಲಿಲ್ಲ. ಇದನ್ನು ಪ್ರತಿ ಸಲ ಹೇಳುವಾಗಲೂ ನನ್ನ ಗಂಟಲು ಕಟ್ಟುತ್ತದೆ.

ನನ್ನ ಬಳಿಯಿರುವ ‘ಬೆಳ್ಳಿಮೋಡ’ ಚಿಕ್ಕಮ್ಮನದು. ಬೆನ್ನು ಬಿಟ್ಟುಹೋಗಿ, ಗೋಂದು ಹಚ್ಚಿ ಅಂಟಿಸಿದ ಪ್ರತಿ. ಕೊನೆಯ ಪುಟದ ಅಂಚಿನಲ್ಲಿ ಯಾರೋ ‘ಒಪ್ಪಿಕೊಳ್ಳಬೇಕಿತ್ತು’ ಎಂದು ಶಾಯಿಯಲ್ಲಿ ಬರೆದಿದ್ದಾರೆ. ಅದರ ಕೆಳಗೆ ಚಿಕ್ಕಮ್ಮನ ಅಕ್ಷರದಲ್ಲಿ, ಪೆನ್ಸಿಲಿನಲ್ಲಿ, ಒಂದೇ ಪದ: ‘ಬೇಡ’.

ಇಷ್ಟು ಹೇಳಿದ ಮೇಲೆ ಯಾರೂ ಕೇಳದ ಇನ್ನೊಂದು ಪ್ರಶ್ನೆ ನನ್ನನ್ನು ಕಾಡುತ್ತದೆ. ತಮ್ಮ ಹುಟ್ಟಿದ ಮಾತ್ರಕ್ಕೆ ಇಂದಿರಾ ಬರಿಗೈಯಾದಳೇ? ಮೋಹನನ ಲೆಕ್ಕಾಚಾರ ಹಾಗಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ತಂದೆ ಉಯಿಲು ಬರೆಯದೆ ತೀರಿಕೊಂಡರೆ ಅವರ ಸ್ವಯಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು ಮಾತ್ರ ಹೆಣ್ಣುಮಕ್ಕಳಿಗೆ ಇರಲಿಲ್ಲ. ಕರ್ನಾಟಕದಲ್ಲಿ ಅದು 1994ರಲ್ಲಿ ಸಿಕ್ಕಿತು, ಅದೂ ಅಷ್ಟರಲ್ಲಿ ಮದುವೆಯಾಗಿರದವರಿಗೆ. ಮದುವೆಯಾದವರನ್ನೂ ಸೇರಿಸಿಕೊಂಡದ್ದು 2005ರ ಕೇಂದ್ರ ತಿದ್ದುಪಡಿ.

ಚಿಕ್ಕಮ್ಮನ ಮದುವೆ 1988ರಲ್ಲಿ ಆಗಿತ್ತು. 2005 ಕಳೆದ ಮೇಲೆ ತವರಿನಿಂದ ಹಕ್ಕು ಬಿಡುಗಡೆ ಪತ್ರ ಬಂತು, ಅರಿಶಿನ ಕುಂಕುಮ, ಸೀರೆಯ ಜೊತೆಗೆ. ಸೀರೆ ಇಟ್ಟುಕೊಂಡರು. ಪತ್ರಕ್ಕೆ ಸಹಿ ಹಾಕಲಿಲ್ಲ.