ಸಣ್ಣ ಬೆಂಕಿ ಕಾಣದ ಕಾಡು

ಮುದಿ ಡಗ್ಲಸ್ ಫರ್ ಮರವೊಂದರ ಬುಡವನ್ನು ಅಡ್ಡ ಕೊಯ್ದರೆ ವಾರ್ಷಿಕ ಉಂಗುರಗಳ ನಡುವೆ ಅಲ್ಲಲ್ಲಿ ಕಪ್ಪು ಗಾಯ ಕಾಣುತ್ತದೆ. ಬೆಂಕಿ ಬುಡ ಸವರಿಕೊಂಡು ಹೋದ ವರ್ಷ ಅದು. ಗಾಯದ ಅಂಚಿನಿಂದ ಕಾಂಡದ ಹೊಸ ಪದರ ಸುತ್ತಿಕೊಂಡು ಬೆಳೆದಿರುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಒಣ ಒಳನಾಡಿನಲ್ಲಿ ಒಂದೇ ಮರದ ಮೇಲೆ ಇಂಥ ಹಲವು ಗಾಯಗಳಿರುತ್ತವೆ. ಇಪ್ಪತ್ತನೆಯ ಶತಮಾನದ ಉಂಗುರಗಳಿಗೆ ಬಂದರೆ ಗಾಯಗಳು ನಿಂತೇ ಹೋಗುತ್ತವೆ.

ಹಿಂದೆ ಸಿಡಿಲು ಹೊತ್ತಿಸಿದ ಬೆಂಕಿಯೂ ಸೆಕ್ವೆಪೆಮ್ಕ್ ಮೊದಲಾದ ಮೂಲನಿವಾಸಿಗಳು ಬೇಕೆಂದೇ ಹಾಕಿದ ಬೆಂಕಿಯೂ ಹುಲ್ಲು, ಎಳೆಸಸಿಗಳನ್ನು ಸುಡುತ್ತಿದ್ದವು. ದಪ್ಪ ತೊಗಟೆಯ ದೊಡ್ಡ ಮರಗಳು ಉಳಿಯುತ್ತಿದ್ದವು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನೆಲದ ಒಣ ಎಲೆ, ಹುಲ್ಲಿಗೆ ಹಾಕುತ್ತಿದ್ದ ತರಗು ಬೆಂಕಿಯನ್ನು ಬಲ್ಲವರಿಗೆ ಇದು ಹೊಸದೆನಿಸದು. ಬ್ರಿಟಿಷ್ ಕೊಲಂಬಿಯಾದಲ್ಲಿ 1874ರಲ್ಲೇ ಕಾನೂನು ಕಾಡಿಗೆ ಬೆಂಕಿಯಿಡುವುದಕ್ಕೆ ಕಡಿವಾಣ ಹಾಕಿತು. ಮುಂದೆ ಹೊತ್ತಿದ ಬೆಂಕಿಯನ್ನೆಲ್ಲ ನಂದಿಸುವುದೇ ರೂಢಿಯಾಯಿತು.

ಈಗ ದೊಡ್ಡ ಮರಗಳ ಕೆಳಗೆ ಕೋಲಿನಂಥ ಮರಗಳು ಕಿಕ್ಕಿರಿದಿವೆ. ಬೆಂಕಿಗೆ ಅವು ಏಣಿ: ನೆಲದಿಂದ ಹತ್ತಿ ನೆತ್ತಿಯವರೆಗೂ ಹೋಗುತ್ತದೆ. ಮೊಗ್ಗು ತಿನ್ನುವ ಬಡ್‌ವರ್ಮ್ ಹುಳುಗಳು ಮೇಲಿನ ಕೊಂಬೆಯಿಂದ ನೂಲು ಬಿಟ್ಟು ಇಳಿದರೆ ಕೆಳಗಿನ ಮರಗಳಲ್ಲೂ ಊಟ ಸಿದ್ಧವಿರುತ್ತದೆ. 2017ರಲ್ಲಿ ಈ ಪ್ರಾಂತ್ಯದಲ್ಲಿ ಸುಮಾರು 12 ಲಕ್ಷ ಹೆಕ್ಟೇರ್ ಸುಟ್ಟಿತು. ಅದೆಲ್ಲವೂ ಫರ್ ಕಾಡಲ್ಲ, ಎಲ್ಲದಕ್ಕೂ ಇದೊಂದೇ ಕಾರಣವೂ ಅಲ್ಲ.

ಹಾಗಾದರೆ ಎಲ್ಲವನ್ನೂ ಕಡಿದು ಹೊಸದಾಗಿ ನೆಡಬಹುದಲ್ಲ? ಇಲ್ಲಿ ಅದು ಸುಲಭವಲ್ಲ. ಬಯಲಾದ ನೆಲ ಬೇಸಿಗೆಯ ತಿಳಿ ರಾತ್ರಿಯಲ್ಲೂ ಶಾಖ ಕಳೆದುಕೊಂಡು, ಇಬ್ಬನಿ ಹೆಪ್ಪುಗಟ್ಟಿ, ಸಸಿಯ ಎಳೆಚಿಗುರು ಕರಟುತ್ತದೆ. ಹಗಲಿನಲ್ಲಿ ಬಿಸಿಲು ಬೇರನ್ನು ಒಣಗಿಸುತ್ತದೆ. ತಲೆಯ ಮೇಲೆ ಹಿರಿಯ ಮರವಿದ್ದರೆ ಸಸಿಗೆ ಅದೇ ಕಂಬಳಿ, ಅದೇ ಕೊಡೆ. ಚಳಿಗಾಲದಲ್ಲಿ ಮ್ಯೂಲ್ ಜಿಂಕೆಗಳಿಗೂ ಈ ಮುದಿ ಮರಗಳೇ ಆಸರೆ. ಅಗಲವಾದ ನೆತ್ತಿ ಹಿಮವನ್ನು ಮೇಲೆಯೇ ತಡೆಯುವುದರಿಂದ ಕೆಳಗೆ ಓಡಾಡಲು ದಾರಿಯಿರುತ್ತದೆ, ಗಾಳಿಗೆ ಉದುರಿದ ಸೂಜಿಯೆಲೆ ಆಹಾರವಾಗುತ್ತದೆ. ವಿಲಿಯಮ್ಸ್ ಲೇಕ್ ಬಳಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಅಲೆಕ್ಸ್ ಫ್ರೇಸರ್ ಸಂಶೋಧನಾ ಅರಣ್ಯದಲ್ಲಿ, ಜಿಂಕೆಗಳ ಈ ನೆಲೆ ಕೆಡದಂತೆ ಮರ ಆಯ್ದು ಕಡಿಯುವ ಕ್ರಮವನ್ನು ದಶಕಗಳಿಂದ ಪರೀಕ್ಷಿಸುತ್ತಿದ್ದಾರೆ.

ನನ್ನ ದೃಷ್ಟಿಯಲ್ಲಿ ನಿಜವಾದ ತೊಡಕು ಲೆಕ್ಕದ್ದು. ನಾಟಾಕ್ಕೆ ಬೆಲೆ ಬರುವುದು ಉಳಿಯಬೇಕಾದ ಮರಗಳಿಗೆ. ತೆಗೆಯಬೇಕಾದ ಕೋಲುಮರಗಳಿಗೆ ಬೆಲೆಯಿಲ್ಲ, ಕಡಿದು ಅಲ್ಲೇ ಬಿಟ್ಟರೆ ಮುಂದಿನ ಬೆಂಕಿಗೆ ಅವೇ ಸೌದೆಯಾಗುತ್ತವೆ. ಸಾಗಿಸಲು ಅಥವಾ ಎಚ್ಚರಿಕೆಯಿಂದ ಸುಡಲು ಕೈಯಿಂದ ಹಣ ಹಾಕಬೇಕು. ಹಾಕಲೇಬೇಕು. ಮಣಿಕಟ್ಟಿನಷ್ಟೇ ದಪ್ಪದ ಇಂಥ ಮರಕ್ಕೆ ಎಂಬತ್ತು ವರ್ಷ ಆಗಿರಬಹುದು. ಅದರ ಉಂಗುರಗಳನ್ನು ಎಣಿಸಲು ಭೂತಗನ್ನಡಿಯೇ ಬೇಕು. ಸುತ್ತಲಿನವನ್ನು ತೆಗೆದು ಬೆಳಕು, ನೀರು ಬಿಟ್ಟುಕೊಟ್ಟರೆ, ಹಸಿರು ನೆತ್ತಿ ಉಳಿಸಿಕೊಂಡ ಮರಗಳಲ್ಲಿ ಕೆಲವೇ ವರ್ಷಗಳಲ್ಲಿ ಬರಿಗಣ್ಣಿಗೆ ಕಾಣುವಷ್ಟು ಅಗಲದ ಉಂಗುರಗಳು ಮೂಡತೊಡಗುತ್ತವೆ.