ಗಿಟಾರಿನ ದನಿ ಬಲಗೈಯಲ್ಲಿದೆ

ಕ್ಲಾಸಿಕಲ್ ಗಿಟಾರ್ ಕಲಿಯಲು ಕೂತವರ ಕಣ್ಣೆಲ್ಲ ಎಡಗೈ ಮೇಲೆಯೇ. ಯಾವ ಬೆರಳು ಯಾವ ಫ್ರೆಟ್ಟಿಗೆ (ಗಿಟಾರಿನ ಕತ್ತಿನ ಮೇಲಿರುವ ಅಡ್ಡ ಲೋಹದ ಪಟ್ಟಿಗೆ), ಬೆರಳ ತುದಿ ಯಾಕಿಷ್ಟು ಉರಿಯುತ್ತಿದೆ, ಚಿಂತೆಯೆಲ್ಲ ಅಷ್ಟೇ. ಬಲಗೈ ಸುಮ್ನೆ ಮೀಟುತ್ತಿದ್ದರೆ ಸಾಕು ಅನ್ನಿಸುತ್ತದೆ. ಆದರೆ ಎಡಗೈ ಮುಖ್ಯವಾಗಿ ಹೇಳುವುದು ಸ್ವರ ಯಾವುದು ಎಂದು. ಅದು ದುಂಡಗೆ ಕೇಳುತ್ತೋ, ಕಿರ್ರೆನ್ನುತ್ತೋ ಅನ್ನುವುದು ಬಹುಪಾಲು ಬಲಗೈ ಬೆರಳು ತಂತಿಯನ್ನು ಬಿಡುವ ಗಳಿಗೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ಪಿಟೀಲಿನವರು ಕಮಾನು ಎಳೆಯುತ್ತಲೇ ದನಿ ತಿದ್ದಿಕೊಳ್ಳಬಹುದು. ಗಿಟಾರಿನಲ್ಲಿ ತಂತಿ ಕೈಬಿಟ್ಟಿತೆಂದರೆ ಬಲಗೈ ಕೆಲಸ ಮುಗಿಯಿತು.

ಮೊದಲಿಗೆ ದಿಕ್ಕಿನ ವಿಷಯ. ತೆಳ್ಳಗಿನ ತಂತಿ ಗಾಳಿಯನ್ನು ಸೀಳಿಕೊಂಡು ಆಚೀಚೆ ಓಡಾಡುತ್ತದೆ, ಅದರಿಂದಲೇ ಹುಟ್ಟುವ ಸದ್ದು ತೀರಾ ಕಡಿಮೆ. ನಮಗೆ ಕೇಳುವುದು ತಂತಿಗಳ ಬುಡವನ್ನು ಹಿಡಿದಿರುವ ಬ್ರಿಡ್ಜ್ ಎಂಬ ಪಟ್ಟಿಯ ಮೂಲಕ ಅಲುಗಾಡುವ ಮೇಲ್ಹಲಗೆಯ, ಅಂದರೆ ಗಿಟಾರಿನ ಮುಂಭಾಗದ ಹಲಗೆಯ ಸದ್ದು. ತಂತಿ ಹಲಗೆಗೆ ಸಮಾನಾಂತರವಾಗಿ ಅಲುಗಿದರೆ ಹಲಗೆಗೆ ಶಕ್ತಿ ಮೆಲ್ಲಗೆ ಹೋಗುತ್ತದೆ. ದನಿ ತೆಳು, ಆದರೆ ಹೆಚ್ಚು ಹೊತ್ತು ಉಳಿಯುತ್ತದೆ. ಹಲಗೆಯ ಕಡೆಗೆ ಮೇಲೆ ಕೆಳಗೆ ಅಲುಗಿದರೆ ದನಿ ಜೋರು, ದಪ್ಪ, ಮತ್ತು ಬೇಗ ಮುಗಿಯುತ್ತದೆ. ಇರುವ ಶಕ್ತಿ ಅಷ್ಟೇ ತಾನೆ, ಬೇಗ ಖರ್ಚಾದರೆ ಬೇಗ ಖಾಲಿ.

ಸ್ಪೇನಿನವರು ಹೇಳುವ ಅಪೊಯಾಂದೊ, ತಿರಾಂದೊ ಎಂಬ ಎರಡು ಮೀಟುಗಳ ವ್ಯತ್ಯಾಸವೂ ಹೆಚ್ಚಾಗಿ ಇದೇ. ಅಪೊಯಾಂದೊದಲ್ಲಿ ಬೆರಳು ತಂತಿಯನ್ನು ಹಲಗೆಯತ್ತ ಸ್ವಲ್ಪ ಒತ್ತಿ, ಬಿಟ್ಟು, ಪಕ್ಕದ ತಂತಿಯ ಮೇಲೆ ಒರಗಿ ನಿಲ್ಲುತ್ತದೆ. ತಿರಾಂದೊದಲ್ಲಿ ಪಕ್ಕದ ತಂತಿಯನ್ನು ಮುಟ್ಟದೆ ಅಂಗೈ ಕಡೆಗೆ ಹೋಗುತ್ತದೆ. ಹೊಸಬರು ತಿರಾಂದೊ ಮಾಡುವಾಗ ತಂತಿಯನ್ನು ಕೊಕ್ಕೆ ಹಾಕಿ ಮೇಲಕ್ಕೆ ಎಳೆಯುತ್ತಾರೆ. ತಂತಿ ಫ್ರೆಟ್ಟುಗಳಿಗೆ ಬಡಿದು ಪಟ್ ಅನ್ನುತ್ತದೆ. ಎಳೆಯುವ ಬದಲು ಒಳಕ್ಕೆ ಒತ್ತಿ ಬಿಟ್ಟರೆ ಅದೇ ಬೆರಳು, ಅದೇ ಗಿಟಾರ್, ದನಿ ಮಾತ್ರ ಬೇರೆ.

ಮೇಲ್ಹಲಗೆ ಎಷ್ಟು ಮುಖ್ಯ ಎಂದು ತೋರಿಸಲು ಆಂತೋನಿಯೊ ದೆ ತೊರ್ರೆಸ್ ಎಂಬ ಸ್ಪೇನಿನ ಗಿಟಾರ್ ತಯಾರಕ 1862ರಲ್ಲಿ ಒಂದು ಮಜದ ಕೆಲಸ ಮಾಡಿದ. ಹಲಗೆಯನ್ನು ಮಾತ್ರ ಒಳ್ಳೆಯ ಮರದಲ್ಲಿ ಮಾಡಿ, ಹಿಂಭಾಗವನ್ನೂ ಪಕ್ಕಗಳನ್ನೂ ಕಾಗದದ ರಟ್ಟಿನಲ್ಲಿ ಕಟ್ಟಿದ. ಆ ಗಿಟಾರ್ ಈಗ ಬಾರ್ಸಿಲೋನಾದ ಸಂಗೀತ ಮ್ಯೂಸಿಯಮ್ಮಿನಲ್ಲಿದೆ. ಇವತ್ತು ದುಬಾರಿ ಗಿಟಾರುಗಳ ಬೆನ್ನಿಗೆ ಹಾಕುವ ಮರಗಳಲ್ಲಿ ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಬೀಟೆಯೂ ಒಂದು. ನೋಡಲು ಚೆಂದ, ಹೆಮ್ಮೆಯೂ ಸರಿ. ಆದರೆ ಹೊಸಬರು ಬೀಟೆಗೆಂದು ಸಾಲ ಮಾಡಬೇಕಾಗಿಲ್ಲ.

ಎಲ್ಲಿ ಮೀಟುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ. ಮೀಟಿದ ತಂತಿ ಒಂದೇ ಕಂಪನ ಮಾಡುವುದಿಲ್ಲ. ಇಡೀ ತಂತಿ ಅಲುಗುವಾಗಲೇ ಅದರ ಅರ್ಧಗಳು, ಮೂರನೇ ಒಂದು ಭಾಗಗಳು, ಕಾಲು ಭಾಗಗಳೂ ಅಲುಗುತ್ತಿರುತ್ತವೆ. ಒಂದು ಕಂಪನ ಎಲ್ಲಿ ನಿಶ್ಚಲವಾಗಿರುತ್ತದೋ ಅಲ್ಲೇ ಮೀಟಿದರೆ ಆ ಕಂಪನ ಹುಟ್ಟುವುದೇ ಇಲ್ಲ. 1800ರಲ್ಲಿ ಥಾಮಸ್ ಯಂಗ್ ಎಂಬ ಇಂಗ್ಲಿಷ್ ವಿಜ್ಞಾನಿ ಇದನ್ನು ವಿವರಿಸಿದ್ದ. ನೀವೇ ನೋಡಿ: ಆರನೇ, ಅಂದರೆ ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಹನ್ನೆರಡನೇ ಫ್ರೆಟ್ಟಿನ ಮೇಲೆ, ಅಂದರೆ ಸರಿ ನಡುವೆ ಮೀಟಿ. ಅರ್ಧ, ಕಾಲು, ಆರನೇ ಒಂದರ ಕಂಪನಗಳೆಲ್ಲ ಮಾಯ. ದನಿ ಟೊಳ್ಳಾಗಿ, ಮೃದುವಾಗಿ ಬರುತ್ತದೆ. ಈಗ ಬ್ರಿಡ್ಜ್ ಹತ್ತಿರ ಮೀಟಿ, ಚಿಕ್ಕ ಚಿಕ್ಕ ಕಂಪನಗಳೆಲ್ಲ ಎದ್ದು ಬಂದು ತಗಡು ತಟ್ಟಿದ ಹಾಗೆ ಕೇಳುತ್ತದೆ. ಸ್ವರ ಬದಲಾಗಿಲ್ಲ. ಕೈ ಜರುಗಿದ್ದಷ್ಟೇ.

ಉಗುರಿನ ಜಗಳ ಹಳೆಯದು. 19ನೇ ಶತಮಾನದ ಇಬ್ಬರು ದೊಡ್ಡ ಸ್ಪೇನಿಗರಲ್ಲಿ ಫೆರ್ನಾಂದೊ ಸೋರ್ ಬರೀ ಬೆರಳ ತುದಿಯಲ್ಲಿ ಮೀಟುತ್ತಿದ್ದ, ದಿಯೊನಿಸಿಯೊ ಅಗ್ವಾದೊ ಉಗುರಿನಲ್ಲಿ. ಸೋರ್‌ಗೆ ಉಗುರಿನ ದನಿ ಆಗಿಬರುತ್ತಿರಲಿಲ್ಲ. ಹಾಗಿದ್ದೂ ಇಬ್ಬರೂ ಪ್ಯಾರಿಸ್ಸಿನಲ್ಲಿ ಗೆಳೆಯರಾಗಿದ್ದರು, ತಮ್ಮಿಬ್ಬರಿಗೆಂದೇ ಸೋರ್ ಒಂದು ಯುಗಳ ಕೃತಿಯನ್ನೂ ಬರೆದ. ಈಗ ಹೆಚ್ಚಿನವರು ಎರಡನ್ನೂ ಬಳಸುತ್ತಾರೆ. ತಂತಿ ಮೊದಲು ಚರ್ಮಕ್ಕೆ ತಾಗಿ, ಅಲ್ಲಿಂದ ಉಗುರಿನ ಅಂಚಿಗೆ ಜಾರಿ ಬಿಡುಗಡೆಯಾಗುತ್ತದೆ. ಮೊದಲು ಚರ್ಮ ತಾಗಿದರೆ, ಹಿಂದಿನ ಸ್ವರದಿಂದ ಇನ್ನೂ ಅಲುಗುತ್ತಿರುವ ತಂತಿ ಸದ್ದಿಲ್ಲದೆ ನಿಲ್ಲುತ್ತದೆ. ಉಗುರೇ ಮೊದಲು ತಾಗಿದರೆ ಟಿಕ್ ಅನ್ನುತ್ತದೆ. ಅಂಚು ಒರಟಾಗಿದ್ದರೆ ಪ್ರತಿ ಸ್ವರಕ್ಕೂ ಕೆರೆದ ಸದ್ದು ಸೇರಿಕೊಳ್ಳುತ್ತದೆ, ಹಾಗಾಗಿ ಗಿಟಾರಿಗರ ಚೀಲದಲ್ಲಿ ನುಣ್ಣನೆಯ ಸ್ಯಾಂಡ್‌ಪೇಪರ್ ಇದ್ದೇ ಇರುತ್ತದೆ. ಕಛೇರಿಗೆ ಮುಂಚೆ ಉಗುರು ಮುರಿದರೆ ಪಿಂಗ್‌ಪಾಂಗ್ ಚೆಂಡಿನ ಚೂರನ್ನು ಅಂಟಿಸಿಕೊಳ್ಳುವವರೂ ಇದ್ದಾರೆ!

ಇನ್ನು ಉಂಗುರಬೆರಳು. ಅಂಗೈಯನ್ನು ಮೇಜಿನ ಮೇಲಿಟ್ಟು, ನಡುಬೆರಳನ್ನು ಮಾತ್ರ ಅಂಗೈ ಕೆಳಕ್ಕೆ ಮಡಚಿ. ಈಗ ಉಂಗುರಬೆರಳನ್ನು ಎತ್ತಿ ನೋಡೋಣ. ಏಳಲ್ಲ, ಅಲ್ವಾ? ಬೆರಳನ್ನು ಎತ್ತುವ ಸ್ನಾಯುರಜ್ಜುಗಳ ನಡುವೆ ಅಂಗೈ ಹಿಂಬದಿಯಲ್ಲಿ ಅಡ್ಡ ಪಟ್ಟಿಗಳಿವೆ. ನಡುಬೆರಳು ಮಡಚಿದಾಗ ಅವು ಪಕ್ಕದವನನ್ನೂ ಎಳೆದು ಕೂರಿಸುತ್ತವೆ. ಹಾಗಾಗಿ ತೋರುಬೆರಳು–ನಡುಬೆರಳು ಜೋಡಿ ಬೇಗ ಪಳಗುತ್ತದೆ, ನಡುಬೆರಳು–ಉಂಗುರಬೆರಳು ಜೋಡಿ ತಿಂಗಳುಗಟ್ಟಲೆ ಸತಾಯಿಸುತ್ತದೆ. ಜೋರು ಮಾಡಿ ಪ್ರಯೋಜನವಿಲ್ಲ, ಕೈ ಬಿಗಿಯಾಗುತ್ತದೆ ಅಷ್ಟೆ. ನಿಧಾನವಾಗಿ, ದಿನಾ ಸ್ವಲ್ಪ ಸ್ವಲ್ಪ. ರಾತ್ರಿ ನಿದ್ದೆಯಲ್ಲೂ ಮಿದುಳು ಬೆರಳ ಚಲನೆಗಳನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಹಾಗಾಗಿ ಭಾನುವಾರ ಒಂದೇ ಸಮನೆ ಮೂರು ಗಂಟೆ ಕೂರುವುದಕ್ಕಿಂತ ದಿನಾ ಅರ್ಧ ಗಂಟೆ ಮೇಲು.

ಎಡಗೈಗೆ ಒಂದೇ ಮಾತು: ನೀವು ಒತ್ತುತ್ತಿರುವುದು ಜಾಸ್ತಿ. ಬೆರಳನ್ನು ಫ್ರೆಟ್ಟಿನ ಸರಿ ಹಿಂದೆ, ಒತ್ತದೆ ಸುಮ್ನೆ ಇಟ್ಟು ಮೀಟಿ, ದಬ್ ಅನ್ನುತ್ತದೆ. ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಮೀಟುತ್ತಿರಿ. ಮೊದಲು ಜುಂಯ್ ಎಂಬ ಅದುರು, ಆಮೇಲೆ ತಟ್ಟನೆ ಸ್ವಚ್ಛ ಸ್ವರ. ಅಲ್ಲಿಂದ ಮುಂದೆ ಹಾಕುವ ಬಲವೆಲ್ಲ ವ್ಯರ್ಥ. ಫ್ರೆಟ್ಟಿನಿಂದ ಬೆರಳು ದೂರ ಸರಿದಷ್ಟೂ ಜಾಸ್ತಿ ಒತ್ತಬೇಕಾಗುತ್ತದೆ, ಅದನ್ನೂ ಪರೀಕ್ಷಿಸಿ ನೋಡಿ. ನಾಲ್ಕೂ ಬೆರಳಿಗೆ ಇದನ್ನು ಮಾಡಿ, ಕಿರುಬೆರಳಿಗೆ ಇನ್ನೊಂದಿಷ್ಟು ಹೊತ್ತು ಕೊಡಿ. ತೋರುಬೆರಳನ್ನು ಆರೂ ತಂತಿಗೆ ಅಡ್ಡ ಮಲಗಿಸುವ ಬ್ಯಾರೆಯನ್ನು ಆಮೇಲೆ ನೋಡಿಕೊಂಡರಾಯಿತು.